ಡಾಸ್ ಕಾಲದ ಫಾಕ್ಸ್‌ಪ್ರೊ ಲೆಕ್ಕ, ಹೊಸ ವಿಂಡೋಸ್ 11 ಲ್ಯಾಪ್‌ಟಾಪ್: ಡಾಸ್‌ಬಾಕ್ಸ್ ಸಾಕಾ? ಪ್ರಿಂಟರ್ ಕಥೆ ಏನು?

ಅಡಿಕೆಮಂಡಿ_ಸಾಗರ

ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪನ ಅಡಿಕೆ ಮಂಡಿಯಲ್ಲಿ ಡಾಸ್ ಕಾಲದ ಲೆಕ್ಕದ ಪ್ರೋಗ್ರಾಂ ಒಂದಿದೆ. ಫಾಕ್ಸ್‌ಪ್ರೊ 2.6 ಎಂಬ ಹಳೇ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಬರೆದದ್ದು. ರೈತರ ಖಾತೆ, ಮುಂಗಡ, ಬಡ್ಡಿ, ತೂಕ, ಹಮಾಲಿ, ಕೊನೆಗೆ ರೈತರಿಗೆ ಕೊಡುವ ಲೆಕ್ಕದ ಪಟ್ಟಿ, ಎಲ್ಲಾ ಅದರಲ್ಲೇ. ಬರೆದುಕೊಟ್ಟವರು ಈಗ ಎಲ್ಲಿದ್ದಾರೋ ಗೊತ್ತಿಲ್ಲ, ಸೋರ್ಸ್ ಕೋಡ್ ಯಾರ ಹತ್ತಿರವೂ ಇಲ್ಲ. ಇದುವರೆಗೆ ವಿಂಡೋಸ್ 98 ಇರುವ ಹಳೇ ಪೆಂಟಿಯಂನಲ್ಲಿ ನಡೆಯುತ್ತಿತ್ತು. ಈಗ ಅದರ ಮದರ್‌ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿವೆ. ಮಳೆಗಾಲದಲ್ಲಿ ಬೆಳಿಗ್ಗೆ ಒಮ್ಮೊಮ್ಮೆ ಆನ್ ಆಗುತ್ತದೆ, ಒಮ್ಮೊಮ್ಮೆ ಇಲ್ಲ. ಹಾರ್ಡ್ ಡಿಸ್ಕ್ ಮಾತ್ರ ಇನ್ನೂ ಚೆನ್ನಾಗಿದೆ.

ಹೊಸ ಲ್ಯಾಪ್‌ಟಾಪ್ ತಂದಿದ್ದೇವೆ, ವಿಂಡೋಸ್ 11. ಫೋಲ್ಡರ್ ಕಾಪಿ ಮಾಡಿ ಇಎಕ್ಸ್‌ಇ ಒತ್ತಿದರೆ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ ಎಂದು ಹೇಳಿ ಮುಗಿಸುತ್ತದೆ. ಜಿಎಸ್‌ಟಿ ಬಿಲ್ಲಿಗೆ ಬೇರೆ ಸಾಫ್ಟ್‌ವೇರ್ ಇದೆ, ಅದರ ತಕರಾರಿಲ್ಲ. ಆದರೆ ರೈತರ ಖಾತೆಯ ವಿಷಯದಲ್ಲಿ ಚಿಕ್ಕಪ್ಪ ಹಳೇ ನೀಲಿ ಸ್ಕ್ರೀನ್ ಬಿಟ್ಟು ಬೇರೆ ಯಾವುದಕ್ಕೂ ಸುತರಾಂ ಒಪ್ಪುವುದಿಲ್ಲ. ಪ್ರಿಂಟರು ಡಾಟ್ ಮ್ಯಾಟ್ರಿಕ್ಸ್, ಹಿಂದೆ ಆ ದಪ್ಪ ಪ್ಯಾರಲಲ್ ಕೇಬಲ್. ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರ್ (ಹಳೇ ಯಂತ್ರದ ಹಾಗೆ ನಟಿಸುವ ಸಾಫ್ಟ್‌ವೇರ್) ಹಾಕಿದರೆ ಆಗುತ್ತದೆ ಎಂದು ಯಾರೋ ಹೇಳಿದರು. ನಿಜವಾ?

ಡಾಸ್_ಅಜ್ಜ

ಆಗುತ್ತದೆ. ಆದರೆ ಮೊದಲು ಬೇರೆ ಕೆಲಸ. ಆ ಹಾರ್ಡ್ ಡಿಸ್ಕಿನ ಪೂರ್ತಿ ಇಮೇಜ್ ತೆಗೆದಿಡಿ. ಬರೀ ಫೋಲ್ಡರ್ ಕಾಪಿ ಅಲ್ಲ, ಇಡೀ ಡಿಸ್ಕು. ಐಡಿಇ ಎಂಬ ಹಳೇ ಥರದ ಡಿಸ್ಕನ್ನು ಯುಎಸ್‌ಬಿಗೆ ಹಾಕುವ ಅಡಾಪ್ಟರ್ ಸಿಗುತ್ತದೆ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಸ್ಕ್ ನಕಲು ಮಾಡುವ ಡಿಡಿರೆಸ್ಕ್ಯೂ ಓಡಿಸಿ. ಆ ಇಮೇಜ್ ಎರಡು ಕಡೆ ಇದ್ದರೆ ಆಮೇಲೆ ಏನು ಬೇಕಾದರೂ ಪ್ರಯೋಗ ಮಾಡಬಹುದು.

ಇನ್ನು ಯಾಕೆ ನಡೆಯುವುದಿಲ್ಲ ಅಂದರೆ, ಇದು ವಿಂಡೋಸ್ 11 ಬಂದ ಮೇಲೆ ಶುರುವಾದ ತೊಂದರೆ ಅಲ್ಲ. 64 ಬಿಟ್ ವಿಂಡೋಸ್ ಮೊದಲಿಂದಲೂ ಹೀಗೆಯೇ. 32 ಬಿಟ್ ವಿಂಡೋಸ್‌ನಲ್ಲಿ ಎನ್‌ಟಿವಿಡಿಎಂ ಅಂತ ಒಂದು ಭಾಗ ಇತ್ತು. ಪ್ರೊಸೆಸರಿನ ವರ್ಚುವಲ್ 8086 ಮೋಡ್ (ಹಳೇ ಚಿಪ್ಪಿನಂತೆ ನಡೆಯುವ ಸೌಲಭ್ಯ) ಬಳಸಿ ಅದು ಡಾಸ್ ಪ್ರೋಗ್ರಾಂ ನಡೆಸುತ್ತಿತ್ತು. ಪ್ರೊಸೆಸರ್ 64 ಬಿಟ್ ಮೋಡಿಗೆ ಹೋದರೆ ಆ ಸೌಲಭ್ಯವೇ ಇರುವುದಿಲ್ಲ, ಹಾಗಾಗಿ ಎನ್‌ಟಿವಿಡಿಎಂ ಕೂಡ ಇಲ್ಲ. ವಿಂಡೋಸ್ 10ರವರೆಗೆ 32 ಬಿಟ್ ಆವೃತ್ತಿಯಾದರೂ ಸಿಗುತ್ತಿತ್ತು. 11ಕ್ಕೆ ಅದೂ ಇಲ್ಲ.

ಎಮ್ಯುಲೇಟರ್ ಈ ರಗಳೆಯನ್ನೇ ತಪ್ಪಿಸುತ್ತದೆ. ಹಳೇ ಪ್ರೊಸೆಸರಿನ ಒಂದೊಂದು ಆಜ್ಞೆಯನ್ನೂ ಓದಿ, ಅದು ಮಾಡಬೇಕಿದ್ದ ಕೆಲಸವನ್ನು ತಾನೇ ಸಾಫ್ಟ್‌ವೇರಿನಲ್ಲಿ ಮಾಡುತ್ತದೆ. ವಿಜಿಎ ಕಾರ್ಡು, ಟೈಮರು, ಕೀಬೋರ್ಡು, ಎಲ್ಲರ ವೇಷವನ್ನೂ ತಾನೇ ಕಟ್ಟುತ್ತದೆ. ನಿಮ್ಮ ಫಾಕ್ಸ್‌ಪ್ರೊಗೆ ಎದುರಿಗಿರುವುದು ಹಳೇ 486 ಪ್ರೊಸೆಸರ್ ಎಂದೇ ನಂಬಿಕೆ.

ಡಾಸ್‌ಬಾಕ್ಸ್ 2002ರಿಂದ ಇದೆ. ಆದರೆ ಅದನ್ನು ಮಾಡಿದ್ದು ಆಟಗಳಿಗಾಗಿ. ಆಗಿನ ಸೌಂಡ್ ಕಾರ್ಡ್ ಸೌಂಡ್ ಬ್ಲಾಸ್ಟರ್ ಸೊಗಸಾಗಿ ನಡೆಯುತ್ತದೆ, ಮೂಲ ಆವೃತ್ತಿಯಲ್ಲಿ ಪ್ರಿಂಟರ್ ಮಾತ್ರ ಇಲ್ಲವೇ ಇಲ್ಲ. ಆಟ ಆಡುವವರಿಗೆ ಪ್ರಿಂಟರ್ ಯಾಕೆ ಬೇಕು ಹೇಳಿ. ನಿಮಗೆ ಬೇಕಾದದ್ದು ಡಾಸ್‌ಬಾಕ್ಸ್-ಎಕ್ಸ್ ಅಥವಾ ವಿಡಾಸ್. ವಿಡಾಸ್ ಅಂತೂ ಇಂಥ ಟೆಕ್ಸ್ಟ್ ಮೋಡಿನ ವ್ಯಾಪಾರದ ಪ್ರೋಗ್ರಾಂಗಳಿಗೆಂದೇ ಮಾಡಿದ್ದು.

ಕೋಡ್_ಕುಮಾರ

ನನಗೆ ಇದು ಅರ್ಥವಾಗುವುದಿಲ್ಲ. 2.6 ಕಾಲದ ಪ್ರೋಗ್ರಾಂಗೆ ಇಷ್ಟೆಲ್ಲಾ ಸರ್ಕಸ್ ಯಾಕೆ? ಅದರ ಡೇಟಾ ಇರುವ ಡಿಬಿಎಫ್ ಫೈಲ್ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ನೇರವಾಗಿ ತೆರೆಯುತ್ತದೆ. ಡೇಟಾ ಎತ್ತಿಕೊಂಡು ಒಂದು ವೆಬ್ ಆ್ಯಪ್ ಮಾಡಿದರೆ ಚಿಕ್ಕಪ್ಪ ಮೊಬೈಲಲ್ಲೇ ಖಾತೆ ನೋಡಬಹುದು. ಎಮ್ಯುಲೇಟರ್ ಹಾಕುವುದು ಅಂದರೆ ಸಮಸ್ಯೆಯನ್ನು ಮುಂದಕ್ಕೆ ತಳ್ಳುವುದು ಅಷ್ಟೇ.

ಅಡಿಕೆಮಂಡಿ_ಸಾಗರ

ಅಣ್ಣ, ಡೇಟಾ ತೆರೆಯಿತು, ನೋಡಿದೆ. ಖಾತೆ ನಂಬರು, ಹೆಸರು, ಮೊತ್ತ, ತಾರೀಖು ಎಲ್ಲಾ ಇದೆ. ಆದರೆ ಬಡ್ಡಿ? ಮುಂಗಡ ತೆಗೆದುಕೊಂಡವರು ಮಧ್ಯೆ ಅರ್ಧ ಮಾಲು ತಂದು ಹಾಕಿದರೆ ಎಷ್ಟು ದಿನಕ್ಕೆ ಎಷ್ಟು, ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆಯ ಬಗೆಗಳು ಬೇರೆ ಬೇರೆ ದಿನ ಮಾರಾಟವಾದರೆ ಯಾವ ತಾರೀಖಿಗೆ ಜಮಾ, ಪೈಸೆ ಎಲ್ಲಿ ಬಿಡುವುದು, ಇದ್ಯಾವುದೂ ಕಾಗದದ ಮೇಲೆ ಇಲ್ಲ. ಚಿಕ್ಕಪ್ಪನನ್ನು ಕೇಳಿದರೆ ಕಂಪ್ಯೂಟರ್ ಹೇಳಿದ ಹಾಗೆ ಎನ್ನುತ್ತಾರೆ. ರೈತರೂ ಅದನ್ನೇ ನಂಬಿದ್ದಾರೆ.

ಡಾಸ್_ಅಜ್ಜ

ಕುಮಾರ ಅವರೇ, ಅದಕ್ಕೇ ಎಮ್ಯುಲೇಟರ್ ಬೇಕು. ಆ ಮಂಡಿಯ ಬಡ್ಡಿ ನಿಯಮ ಇರುವುದು ಆ ಇಎಕ್ಸ್‌ಇ ಒಳಗೆ ಮಾತ್ರ. ಮುಂದೆ ನೀವು ವೆಬ್ ಆ್ಯಪ್ ಬರೆದರೂ ಅದರ ಲೆಕ್ಕ ಸರಿಯಾ ಅಂತ ಯಾವುದಕ್ಕೆ ಹೋಲಿಸಿ ನೋಡುತ್ತೀರಿ? ಹಳೇದು ಪಕ್ಕದಲ್ಲಿ ನಡೆಯುತ್ತಿರಬೇಕು. ಒಂದೇ ಖಾತೆ ಎರಡರಲ್ಲೂ ಹಾಕಿ ನೋಡಬೇಕು. ಡೇಟಾ ಉಳಿಸಿಕೊಂಡೆವು ಅಂತ ನೆಮ್ಮದಿಯಾಗಿ ಕೂತವರು ಆಮೇಲೆ ಒಂದೊಂದು ರೂಪಾಯಿಗೂ ಜಗಳ ಆಡುವುದನ್ನು ನಾನು ನೋಡಿದ್ದೇನೆ.

ಇನ್ನೊಂದು ವಿಷಯ. ಫಾಕ್ಸ್‌ಪ್ರೊ ಇಎಕ್ಸ್‌ಇ ಒಳಗಿರುವುದು ನೇರ ಮಷಿನ್ ಕೋಡ್ ಅಲ್ಲ, ಪಿ-ಕೋಡ್, ಅಂದರೆ ಫಾಕ್ಸ್‌ಪ್ರೊ ತಾನೇ ಓದಿ ನಡೆಸುವ ಮಧ್ಯಂತರ ಕೋಡ್. ಅದನ್ನು ಬಿಚ್ಚಿ ಓದುವಂಥ ಸೋರ್ಸ್ ಮಾಡಿಕೊಡುವ ರೀಫಾಕ್ಸ್‌ನಂಥ ಸಾಧನಗಳಿವೆ. ಬರೆದವರ ಒಪ್ಪಿಗೆ ಕೇಳಬೇಕು, ಆ ಮನುಷ್ಯನನ್ನು ಹುಡುಕಿ. ಸಾಗರದಲ್ಲಿ ಯಾರನ್ನಾದರೂ ಹುಡುಕುವುದು ಅಷ್ಟು ಕಷ್ಟವೇನಲ್ಲ, ಅಲ್ವಾ?

ಟರ್ಬೊಮೇಷ್ಟ್ರು

ಸ್ವಲ್ಪ ದಾರಿ ತಪ್ಪಿಸುತ್ತೇನೆ, ಕ್ಷಮಿಸಿ. ಎಮ್ಯುಲೇಟರ್ ಅಂದರೆ ಏನೋ ದೊಡ್ಡ ವಿಷಯ ಎಂದು ಹೆದರುವವರಿಗೆ ಒಂದು ಮಾತು. ನಮ್ಮಲ್ಲಿ ಕಾಲೇಜಿನಲ್ಲಿ ಸಿ ಕಲಿತವರಲ್ಲಿ ಎಷ್ಟೋ ಮಂದಿ ಎಮ್ಯುಲೇಟರ್ ಬಳಸಿಯೇ ಕಲಿತದ್ದು, ಅವರಿಗೇ ಗೊತ್ತಿಲ್ಲ. ವಿಂಡೋಸ್ 7ಕ್ಕೆ, 10ಕ್ಕೆ ಅಂತ ಹೇಳಿ ಹಂಚುವ ಟರ್ಬೊ ಸಿ (ಡಾಸ್ ಕಾಲದ ಸಿ ಕಂಪೈಲರ್) ಪ್ಯಾಕೇಜುಗಳ ಒಳಗೆ ಸಾಮಾನ್ಯವಾಗಿ ಇರುವುದೇ ಡಾಸ್‌ಬಾಕ್ಸ್. ಐಕಾನ್ ಒತ್ತಿದರೆ ನೀಲಿ ಪರದೆ ಬರುತ್ತದೆ, ಹುಡುಗರು ಅದನ್ನೇ ಸಿ ಭಾಷೆ ಅಂದುಕೊಳ್ಳುತ್ತಾರೆ. 2000ದ ಆಚೆ ಹುಟ್ಟಿದ ಮಕ್ಕಳಿಗೆ 640 ಕೆಬಿ ಮಿತಿಯೊಳಗೆ ಕೋಡ್ ಬರೆಸುವುದು ನನಗಂತೂ ಸರಿ ಕಾಣುವುದಿಲ್ಲ. ಜಿಸಿಸಿ ಎಂಬ ಈ ಕಾಲದ ಕಂಪೈಲರ್ ಉಚಿತವಾಗಿ ಸಿಗುವಾಗ ಇದೆಂಥ ಹಟ? ಇರಲಿ, ಅದು ಬೇರೆ ಜಗಳ.

ಹೇಳಬೇಕಾದ್ದು ವೇಗದ ಬಗ್ಗೆ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಹಳೇ ಪ್ರೋಗ್ರಾಂ ಹೊಸ ಯಂತ್ರದಲ್ಲಿ ಶುರುವಾದ ಕೂಡಲೇ ರನ್‌ಟೈಮ್ ಎರರ್ 200 ಎಂದು ಸಾಯುತ್ತದೆ. ಕಾರಣ ಮಜವಾಗಿದೆ. ಡಿಲೇ ಲೆಕ್ಕ ಹಾಕಲು ಅದು ಟೈಮರಿನ ಒಂದು ಟಿಕ್‌ನಲ್ಲಿ, ಅಂದರೆ ಸುಮಾರು 55 ಮಿಲಿಸೆಕೆಂಡಿನಲ್ಲಿ, ಎಷ್ಟು ಸುತ್ತು ಸುತ್ತಲು ಆಗುತ್ತದೆ ಎಂದು ಎಣಿಸುತ್ತದೆ, ಆಮೇಲೆ 55ರಿಂದ ಭಾಗಿಸುತ್ತದೆ. ಯಂತ್ರ ತುಂಬಾ ಜೋರಾಗಿದ್ದರೆ ಬರುವ ಉತ್ತರ 16 ಬಿಟ್‌ನಲ್ಲಿ ಹಿಡಿಸುವುದಿಲ್ಲ. ಪ್ರೊಸೆಸರ್ ಭಾಗಾಕಾರದ ದೋಷ ಎಂದು ಕೂಗುತ್ತದೆ, ಪ್ಯಾಸ್ಕಲ್ ಅದನ್ನು ಸೊನ್ನೆಯಿಂದ ಭಾಗಿಸಿದ ತಪ್ಪು ಎಂದು ತೋರಿಸುತ್ತದೆ. ಪ್ರೋಗ್ರಾಂ ಬರೆದವನ ತಪ್ಪೇನೂ ಇಲ್ಲ. ಡಾಸ್‌ಬಾಕ್ಸ್‌ನಲ್ಲಿ ಸೈಕಲ್ಸ್, ಅಂದರೆ ವೇಗ, ಇಳಿಸಿದರೆ ಅದು ಮತ್ತೆ ಬದುಕುತ್ತದೆ. ಹಳೇ ಸಾಫ್ಟ್‌ವೇರಿಗೆ ಹೊಸ ಯಂತ್ರ ನಿಧಾನವಾದರೇ ಒಳ್ಳೆಯದು.

ಅಡಿಕೆಮಂಡಿ_ಸಾಗರ

ಮೇಷ್ಟ್ರೇ ಸೂಪರ್, ನಾನೂ ಅದೇ ನೀಲಿ ಪರದೆಯಲ್ಲಿ ಕಲಿತವನು.

ವಿಡಾಸ್ ಹಾಕಿದೆ. ಪ್ರೋಗ್ರಾಂ ಬಂತು! ಖಾತೆಗಳೆಲ್ಲಾ ಕಾಣುತ್ತಿವೆ. ಚಿಕ್ಕಪ್ಪ ಬಂದು ಎಫ್ 10 ಒತ್ತಿ ನೋಡಿ ತಲೆ ಆಡಿಸಿ ಹೋದರು, ಅಂದರೆ ಪಾಸು. ಈಗ ಎರಡು ಪ್ರಶ್ನೆ. ಒಂದು, ಪ್ರಿಂಟ್. ಎರಡು, ಮಂಡಿಯಲ್ಲಿ ಎರಡು ಕಂಪ್ಯೂಟರ್ ಇವೆ, ತೂಕದ ಹತ್ತಿರ ಒಂದು, ಗಲ್ಲಾದಲ್ಲಿ ಒಂದು. ಎರಡರಲ್ಲೂ ಒಂದೇ ಫೋಲ್ಡರ್ ತೆರೆಯಬಹುದಾ?

ಡಾಸ್_ಅಜ್ಜ

ಎರಡನೆಯದಕ್ಕೆ ಮೊದಲು ಉತ್ತರ, ಯಾಕೆಂದರೆ ಅಪಾಯ ಅಲ್ಲೇ ಜಾಸ್ತಿ. ಫಾಕ್ಸ್‌ಪ್ರೊದಂಥವು ಒಬ್ಬರು ಬರೆಯುವಾಗ ಇನ್ನೊಬ್ಬರು ಕೈ ಹಾಕದಂತೆ ರೆಕಾರ್ಡ್ ಲಾಕ್ ಮಾಡುತ್ತವೆ. ಆ ಲಾಕಿನ ಕೋರಿಕೆ ಎಮ್ಯುಲೇಟರನ್ನು ದಾಟಿ ವಿಂಡೋಸ್‌ಗೆ ಮುಟ್ಟಬೇಕು. ಮೂಲ ಡಾಸ್‌ಬಾಕ್ಸ್ ಅದನ್ನು ಮುಟ್ಟಿಸುವುದಿಲ್ಲ. ಆಟದಲ್ಲಿ ಅದರ ಅಗತ್ಯ ಬೀಳುವುದಿಲ್ಲವಲ್ಲ. ಎರಡು ಕಡೆಯಿಂದ ಬರೆದರೆ ಇಂಡೆಕ್ಸ್ (ದಾಖಲೆ ಹುಡುಕುವ ಸೂಚಿ) ಹಾಳಾಗುತ್ತದೆ. ಅದೂ ಆ ದಿನವೇ ಗೊತ್ತಾಗುವುದಿಲ್ಲ. ಸುಗ್ಗಿ ಮುಗಿದು ಪಟ್ಟಿ ತೆಗೆಯುವಾಗ ಗೊತ್ತಾಗುತ್ತದೆ. ವಿಡಾಸ್ ಲಾಕ್‌ಗಳನ್ನು ಮುಟ್ಟಿಸುತ್ತದೆ. ಆದರೂ ಮೊದಲು ಡೇಟಾದ ನಕಲು ಇಟ್ಟುಕೊಂಡು ಇಬ್ಬರೂ ಒಂದೇ ಖಾತೆ ತೆರೆದು ನೋಡಿ. ಒಬ್ಬರಿಗೆ ಕಾಯಿರಿ ಎಂದು ಬರಬೇಕು. ಬರದಿದ್ದರೆ ಒಂದೇ ಯಂತ್ರದಲ್ಲಿ ನಡೆಸಿ, ತೂಕದ ಚೀಟಿ ಕೈಯಲ್ಲೇ ಬರಲಿ.

ಪ್ರಿಂಟರ್_ಪುರಾಣ

ಪ್ರಿಂಟಿಗೆ ನಾನು ಹೇಳುತ್ತೇನೆ, ನಾನು ಇದನ್ನೇ ಮಾಡಿ ಹೊಟ್ಟೆ ಹೊರೆಯುವವನು.

ನಿಮ್ಮ ಪ್ರೋಗ್ರಾಂ ವಿಂಡೋಸ್ ಡ್ರೈವರ್ ಜೊತೆ ಮಾತಾಡುವುದಿಲ್ಲ. ನೇರ ಎಲ್‌ಪಿಟಿ 1 ಎಂಬ ಪ್ಯಾರಲಲ್ ಪೋರ್ಟಿಗೆ ಅಕ್ಷರ ಕಳಿಸುತ್ತದೆ, ನಡುನಡುವೆ ಪ್ರಿಂಟರಿಗೆ ಆಜ್ಞೆ ಕೊಡುವ ಎಪ್ಸನ್ ಕೋಡುಗಳನ್ನು ಸೇರಿಸುತ್ತದೆ. 15 ಎಂಬ ಕೋಡ್ ಹೋದರೆ ಅಕ್ಷರ ಇಕ್ಕಟ್ಟಾಗಿ 80 ಕಾಲಂ ಪ್ರಿಂಟರಿನಲ್ಲೂ 132 ಅಕ್ಷರ ಹಿಡಿಯುತ್ತದೆ. ಮಂಡಿ ಪಟ್ಟಿ ಖಂಡಿತ ಹಾಗೇ ಇರುತ್ತದೆ. ಈ ಕೋಡುಗಳು ಲೇಸರ್ ಪ್ರಿಂಟರಿಗೆ ಅರ್ಥವಾಗುವುದಿಲ್ಲ, ಕಸದಂಥ ಚಿಹ್ನೆ ಬರುತ್ತದೆ.

ದಾರಿ ಎರಡು. ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಪ್ರಿಂಟರನ್ನೇ ಎಮ್ಯುಲೇಟ್ ಮಾಡುವ ಸೌಲಭ್ಯ ಇದೆ. ಅದು ಎಪ್ಸನ್ ಕೋಡ್ ಓದಿ ಪುಟವನ್ನು ಚಿತ್ರವಾಗಿ ಮಾಡಿ ಯಾವ ವಿಂಡೋಸ್ ಪ್ರಿಂಟರಿಗೆ ಬೇಕಾದರೂ ಕಳಿಸುತ್ತದೆ. ನೋಡಲು ಚೆಂದ. ಆದರೆ ಎರಡು ಪ್ರತಿಯ ಕಾರ್ಬನ್ ಕಾಗದ ಬಳಸುವವರಿಗೆ ಲೇಸರ್ ಉಪಯೋಗವಿಲ್ಲ, ಸೂಜಿ ಬಡಿಯಲೇಬೇಕು.

ಇನ್ನೊಂದು, ನನಗೆ ಹೆಚ್ಚು ಇಷ್ಟವಾದದ್ದು. ಎಲ್‌ಪಿಟಿಗೆ ಹೋಗುವುದನ್ನು ಎಮ್ಯುಲೇಟರ್ ಒಂದು ಫೈಲಿಗೆ ಬರೆಯಲಿ. ಡಾಟ್ ಮ್ಯಾಟ್ರಿಕ್ಸನ್ನು ಯುಎಸ್‌ಬಿಯಿಂದ ಪ್ಯಾರಲಲ್ ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಸೇರಿಸಿ. ವಿಂಡೋಸ್‌ನಲ್ಲಿ ಜೆನೆರಿಕ್ ಟೆಕ್ಸ್ಟ್ ಓನ್ಲಿ ಡ್ರೈವರ್ ಹಾಕಿ ಪ್ರಿಂಟರನ್ನು ಶೇರ್ ಮಾಡಿ. ಆಮೇಲೆ ಕಾಪಿ ಆಜ್ಞೆಗೆ ಸ್ಲ್ಯಾಶ್ ಬಿ ಸೇರಿಸಿ ಆ ಫೈಲನ್ನು ಶೇರ್ ಹೆಸರಿಗೆ ಕಾಪಿ ಮಾಡಿ. ಸ್ಲ್ಯಾಶ್ ಬಿ ಮರೆಯಬೇಡಿ, ಅದಿಲ್ಲದಿದ್ದರೆ ಮಧ್ಯೆ ಕಂಟ್ರೋಲ್ ಝಡ್ (ಫೈಲ್ ಮುಗಿಯಿತು ಎಂಬ ಗುರುತು) ಸಿಕ್ಕಿದ ಕಡೆ ನಿಂತುಹೋಗುತ್ತದೆ. ಒಂದು ಬೈಟೂ ಬದಲಾಗದೆ ಪ್ರಿಂಟರಿಗೆ ಹೋಗುತ್ತದೆ, ಪಟ್ಟಿ ಹಳೇ ಥರವೇ ಬರುತ್ತದೆ. ಈ ಆಜ್ಞೆಯನ್ನು ಬ್ಯಾಚ್ ಫೈಲ್‌ನಲ್ಲಿಟ್ಟು ಡೆಸ್ಕ್‌ಟಾಪಿನ ಮೇಲೆ ಐಕಾನ್ ಮಾಡಿಕೊಡಿ.

ಪ್ರೆಸ್_ಗದಗ

ಇಲ್ಲೇ ನನ್ನದೂ ಒಂದು. ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ 6.5, ಜೊತೆಗೆ ಆಗಿನ ಒಂದು ಕನ್ನಡ ಫಾಂಟ್ ಪ್ಯಾಕೇಜು. ಆ ಪ್ಯಾಕೇಜಿಗೆ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಲಾಕ್ (ಕಳ್ಳ ಪ್ರತಿ ತಡೆಯುವ ಡಾಂಗಲ್) ಬೇಕು. ಅದೇ ಯುಎಸ್‌ಬಿ ಪ್ಯಾರಲಲ್ ಕೇಬಲಿಗೆ ಲಾಕ್ ಸಿಕ್ಕಿಸಿ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ 98 ಹಾಕಿದರೆ ನಡೆಯುತ್ತದಾ? ಹಳೇ ಮದುವೆ ಕಾರ್ಡು, ಸ್ಮರಣ ಸಂಚಿಕೆ, ಎಲ್ಲಾ ಅದರಲ್ಲಿವೆ.

ಡಾಸ್_ಅಜ್ಜ

ಲಾಕ್ ನಡೆಯುವುದಿಲ್ಲ. ಆ ಕೇಬಲ್ ಪ್ರಿಂಟರಿಗೆ ಮಾತ್ರ. ಅದು ನಿಜವಾದ ಪೋರ್ಟ್ ಅಲ್ಲ. ಲಾಕ್ ಸಾಫ್ಟ್‌ವೇರ್ 378 ಎಂಬ ವಿಳಾಸದಲ್ಲಿ ಪಿನ್‌ಗಳನ್ನು ನೇರ ಎತ್ತಿ ಇಳಿಸಿ ಉತ್ತರಕ್ಕೆ ಕಾಯುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. ನಿಜವಾದ ಪ್ಯಾರಲಲ್ ಪೋರ್ಟ್ ಇರುವ ಡೆಸ್ಕ್‌ಟಾಪ್ ಇದ್ದರೆ ಮಾತ್ರ ಪ್ರಯತ್ನಿಸಬಹುದು. ಯುಎಸ್‌ಬಿ ಲಾಕ್ ಆಗಿದ್ದರೆ ಕಥೆಯೇ ಬೇರೆ, ಅದನ್ನು ವರ್ಚುವಲ್ ಯಂತ್ರದ ಒಳಗೆ ಬಿಡಬಹುದು.

ಮತ್ತೆ ಸರ್, ವರ್ಚುವಲ್‌ಬಾಕ್ಸ್ ಎಮ್ಯುಲೇಟರ್ ಥರ ಪ್ರೊಸೆಸರನ್ನು ನಟಿಸುವುದಿಲ್ಲ. ಒಳಗಿನ ವಿಂಡೋಸ್ 98ರ ಆಜ್ಞೆಗಳು ನಿಮ್ಮ ಅಸಲಿ ಪ್ರೊಸೆಸರಿನ ಮೇಲೇ ಓಡುತ್ತವೆ. ವೇಗ ಸಿಗುತ್ತದೆ, ಆದರೆ ಹೊಸ ಪ್ರೊಸೆಸರಿನ ಗುಣವೂ ಒಳಗೆ ಬರುತ್ತದೆ. ಎಎಂಡಿಯ ಹೊಸ ರೈಝನ್ ಪ್ರೊಸೆಸರುಗಳ ಮೇಲೆ ವಿಂಡೋಸ್ 98 ಇದ್ದಕ್ಕಿದ್ದಂತೆ ಬೀಳುತ್ತದೆ. ಪೇಜ್ ಟೇಬಲ್ (ಮೆಮೊರಿಯಲ್ಲಿ ಯಾವುದು ಎಲ್ಲಿದೆ ಎಂಬ ಕೋಷ್ಟಕ) ಬದಲಿಸಿದ ಮೇಲೆ ಪ್ರೊಸೆಸರಿಗೆ ಹೇಳಬೇಕಾದ್ದನ್ನು ಆ ಹಳೇ ವಿಂಡೋಸ್ ಸರಿಯಾಗಿ ಹೇಳುವುದಿಲ್ಲ. ಹಳೇ ಚಿಪ್ಪುಗಳು ಅದನ್ನು ಸಹಿಸಿಕೊಂಡಿದ್ದವು. ಇದಕ್ಕೆ ಪ್ಯಾಚರ್9ಎಕ್ಸ್ ಅಂತ ಒಂದು ತಿದ್ದುಪಡಿ ಸಿಗುತ್ತದೆ. ಇಲ್ಲವಾದರೆ 86ಬಾಕ್ಸ್ ಬಳಸಿ. ಅದು ಚಿಪ್‌ಸೆಟ್, ಬಯಾಸ್ ಸಮೇತ ಹಳೇ ಪಿಸಿಯನ್ನೇ ಎಮ್ಯುಲೇಟ್ ಮಾಡುತ್ತದೆ. ಪೆಂಟಿಯಂ ಮಟ್ಟಕ್ಕೆ ಹೋಗಬೇಕಾದರೆ ನಿಮ್ಮ ಯಂತ್ರ ಗಟ್ಟಿ ಇರಬೇಕು, ಹಳೇ ಲ್ಯಾಪ್‌ಟಾಪಲ್ಲಿ ಆಗದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಲಾಕ್ ಇರುವ ಯಂತ್ರ ಬದುಕಿರುವಾಗಲೇ ಎಲ್ಲಾ ಪುಟವನ್ನೂ ಪೋಸ್ಟ್‌ಸ್ಕ್ರಿಪ್ಟ್ ಫೈಲಾಗಿ ಪ್ರಿಂಟ್ ಮಾಡಿ ಪಿಡಿಎಫ್ ಮಾಡಿಕೊಳ್ಳುತ್ತಿದ್ದೆ. ಪಠ್ಯವನ್ನು ಬೇರೆ ತೆಗೆದು ಯೂನಿಕೋಡಿಗೆ ತರುವುದು ಆಮೇಲೆ.

ಅಕ್ಷರಜ್ಞ

ಆ ಆಮೇಲೆ ಎನ್ನುವುದು ಅಷ್ಟು ಸುಲಭ ಅಲ್ಲ ಅಜ್ಜ. ಆ ಕಾಲದ ಫಾಂಟ್ ಪ್ಯಾಕೇಜುಗಳಲ್ಲಿ ಕಡತದಲ್ಲಿ ಇರುವುದು ಕನ್ನಡ ಅಕ್ಷರ ಅಲ್ಲ, ಅಕ್ಷರದ ತುಂಡುಗಳು. ಒತ್ತು ಬೇರೆ, ಕೊಂಬು ಬೇರೆ, ದೀರ್ಘ ಬೇರೆ. ಒಂದೊಂದು ಪ್ಯಾಕೇಜಿನದು ಒಂದೊಂದು ಕ್ರಮ. ನುಡಿ ಫಾಂಟಿನ ಕಡತಕ್ಕೆ ಪರಿವರ್ತಕ ಉಚಿತವಾಗಿ ಸಿಗುತ್ತದೆ, ನಿಮ್ಮ ಪ್ಯಾಕೇಜಿಗೆ ಇದೆಯೋ ನೋಡಬೇಕು.

ಇದಕ್ಕಿಂತ ಹಳೇದು ವಾಸಿ ಇತ್ತು ಎಂದರೆ ನಗಬೇಡಿ. ಕೇಂದ್ರ ಸರ್ಕಾರದ ಸಂಸ್ಥೆ ಸಿಡಾಕ್‌ನ ಜಿಸ್ಟ್ ಕಾರ್ಡ್ ನೆನಪಿದೆಯಾ? ಪಿಸಿಯ ಒಳಗೆ ಸಿಕ್ಕಿಸುವ ಕಾರ್ಡು. ಡಾಸ್‌ನಲ್ಲಿ ಸಾಮಾನ್ಯ ಪ್ರೋಗ್ರಾಂ ನಡೆಸಿದರೂ ತೆರೆಯ ಮೇಲೆ ಕನ್ನಡ ಬರುತ್ತಿತ್ತು. ಅದರ ಡೇಟಾ ಇಸ್ಕಿ ಎಂಬ ಭಾರತೀಯ ಲಿಪಿಗಳ ಸಂಕೇತದಲ್ಲಿ. ಯೂನಿಕೋಡಿನ ಭಾರತೀಯ ಲಿಪಿಗಳ ಪಟ್ಟಿಯೇ ಇಸ್ಕಿಯ 1988ರ ಆವೃತ್ತಿಯನ್ನು ಅನುಸರಿಸಿದ್ದು. ಹಾಗಾಗಿ ಆ ಡೇಟಾವನ್ನು ಯೂನಿಕೋಡಿಗೆ ತರುವುದು ಚಿಕ್ಕ ಸ್ಕ್ರಿಪ್ಟಿನ ಕೆಲಸ. ತಮಾಷೆ ಏನೆಂದರೆ ಪ್ರೋಗ್ರಾಂ ನಡೆಸುವುದೇ ಕಷ್ಟ. ನಾನು ನೋಡಿದ ಯಾವ ಎಮ್ಯುಲೇಟರಿನಲ್ಲೂ ಜಿಸ್ಟ್ ಕಾರ್ಡ್ ಇಲ್ಲ. ಜಗತ್ತಿನ ಹುಡುಗರೆಲ್ಲಾ ಆಡಿದ ಆಟದ ಸೌಂಡ್ ಕಾರ್ಡನ್ನು ಹತ್ತು ಜನ ಸೇರಿ ಬರೆದರು. ನಮ್ಮ ಅಕ್ಷರ ತೋರಿಸುತ್ತಿದ್ದ ಕಾರ್ಡನ್ನು ನಾವೇ ಬರೆಯಬೇಕು. ಯಾರ ಅಟ್ಟದಲ್ಲಾದರೂ ಅದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ರಾಮ್ ಚಿಪ್ ಅಲ್ಲ, ಅದರ ರೋಮ್ ಚಿಪ್ ಓದಿ ಇಡುವವರು ಬೇಕು.

ಮ್ಯಾಕ್_ಮಂಗಳೂರು

ಆಪಲ್‌ನ ಎಂ 2 ಚಿಪ್ಪಿನ ಮ್ಯಾಕ್‌ನಲ್ಲಿ ಇದೆಲ್ಲಾ ಆಗುತ್ತದಾ? ಮ್ಯಾಕ್‌ಗೆ ಸಿಗುವ ಯುಟಿಎಂ ಎಮ್ಯುಲೇಟರಿನಲ್ಲಿ ವಿಂಡೋಸ್ 98 ಹಾಕಿ ನೋಡಿದೆ, ಎಮ್ಮೆ ಥರ ನಡೆಯುತ್ತದೆ. ಆದರೆ ಇಂಟೆಲ್‌ಗೆ ಬರೆದ ಮ್ಯಾಕ್ ಆ್ಯಪ್‌ಗಳು ಅದೇ ಯಂತ್ರದಲ್ಲಿ ಸರ‍್ರಂತ ಓಡುತ್ತವೆ. ಇದೆಂಥ ಮಾರಾಯ್ರೆ?

ಟರ್ಬೊಮೇಷ್ಟ್ರು

ಎರಡೂ ಬೇರೆ ಕೆಲಸ. ನಿಮ್ಮ ಚಿಪ್ಪು ಆರ್ಮ್, ಇಂಟೆಲ್‌ಗಿಂತ ಬೇರೆ ಜಾತಿ. ಯುಟಿಎಂ ಒಳಗಿರುವುದು ಕ್ಯೂಎಮು ಎಂಬ ಎಮ್ಯುಲೇಟರ್, 2003ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಶುರು ಮಾಡಿದ್ದು. ವಿಂಡೋಸ್ 98 ಓಡಿಸುವಾಗ ಅದು ಇಡೀ ಇಂಟೆಲ್ ಯಂತ್ರವನ್ನೇ ನಟಿಸಬೇಕು. ಆಜ್ಞೆಗಳ ತುಂಡುತುಂಡನ್ನು ಆರ್ಮ್‌ಗೆ ತಿರುಗಿಸುತ್ತದೆ. ಜೊತೆಗೆ ಪ್ರತಿ ಸಲ ಮೆಮೊರಿ ಮುಟ್ಟಿದಾಗಲೂ ಒಳಗಿನ ಓಎಸ್‌ನ ಪೇಜ್ ಟೇಬಲ್ ಲೆಕ್ಕವನ್ನೂ ಸಾಫ್ಟ್‌ವೇರಿನಲ್ಲೇ ನೋಡಿಕೊಳ್ಳಬೇಕು. ಅಲ್ಲೇ ಸಮಯ ಹೋಗುವುದು.

2020ರಲ್ಲಿ ಎಂ 1 ಜೊತೆ ಬಂದ ಆಪಲ್‌ನ ಅನುವಾದಕ ರೊಸೆಟ್ಟಾ 2 ಬರೀ ಒಂದು ಆ್ಯಪ್ ತಿರುಗಿಸುತ್ತದೆ, ಓಎಸ್ ಅಸಲಿಯೇ. ಬಹುಪಾಲು ಕೋಡನ್ನು ಓಡಿಸುವ ಮೊದಲೇ ತಿರುಗಿಸಿ ಇಟ್ಟುಕೊಳ್ಳುತ್ತದೆ. ಅದರ ಮೇಲೆ ಆಪಲ್ ಚಿಪ್ಪಿನಲ್ಲೇ ಒಂದು ಸಹಾಯ ಇಟ್ಟಿದ್ದಾರೆ. ಇಂಟೆಲ್‌ನಲ್ಲಿ ಮೆಮೊರಿಗೆ ಬರೆದದ್ದು ಬೇರೆ ಕೋರ್‌ಗಳಿಗೆ ಬರೆದ ಕ್ರಮದಲ್ಲೇ ಕಾಣಬೇಕು, ಆರ್ಮ್‌ನಲ್ಲಿ ಆ ಕಟ್ಟುನಿಟ್ಟು ಇಲ್ಲ. ಆಪಲ್ ಚಿಪ್ಪಿನಲ್ಲಿ ಇಂಟೆಲ್ ಕ್ರಮ ಪಾಲಿಸುವ ಮೋಡ್ ಇದೆ, ರೊಸೆಟ್ಟಾ ಅದನ್ನು ಆನ್ ಮಾಡಿಕೊಳ್ಳುತ್ತದೆ. ಇಲ್ಲದಿದ್ದರೆ ಹೆಜ್ಜೆ ಹೆಜ್ಜೆಗೂ ತಡೆ ಹಾಕಬೇಕಾಗುತ್ತಿತ್ತು.

ಆದರೆ ರೊಸೆಟ್ಟಾವನ್ನೇ ನಂಬಿ ಕೂರಬೇಡಿ. 2006ರಲ್ಲಿ ಪವರ್‌ಪಿಸಿಯಿಂದ ಇಂಟೆಲ್‌ಗೆ ಹೋದಾಗ ಬಂದ ಮೊದಲ ರೊಸೆಟ್ಟಾವನ್ನು 2011ರ ಲಯನ್‌ನಲ್ಲಿ ತೆಗೆದುಹಾಕಿದರು. ಈಗಿನದೂ ಮ್ಯಾಕ್‌ಓಎಸ್ 27ರವರೆಗೆ ಪೂರ್ತಿ ಇರುತ್ತದೆ, ಆಮೇಲೆ ಕೆಲವು ಹಳೇ ಆಟಗಳ ಮಟ್ಟಿಗೆ ಮಾತ್ರ ಎಂದು 2025ರಲ್ಲಿ ಆಪಲ್ ಹೇಳಿದೆ. ಡಾಸ್ ಪ್ರೋಗ್ರಾಂಗೆ ನಿಮಗೆ ವಿಂಡೋಸ್ 98 ಬೇಕಾಗಿಯೇ ಇಲ್ಲ. ಮ್ಯಾಕ್‌ಗೆ ಡಾಸ್‌ಬಾಕ್ಸ್-ಎಕ್ಸ್ ಇದೆ, ಹಗುರ.

ಕೋಡ್_ಕುಮಾರ

ಸರಿ, ಬಡ್ಡಿ ನಿಯಮದ ವಿಷಯ ಒಪ್ಪಿದೆ. ಆದರೂ ಒಂದು ಹೇಳಲೇಬೇಕು. ಎಮ್ಯುಲೇಟರ್ ಹಾಕಿ ಮರೆತುಬಿಡಬೇಡಿ ಬ್ರೋ. ಡಿಬಿಎಫ್‌ಗಳನ್ನು ದಿನಾ ರಾತ್ರಿ ಬೇರೆ ಡಿಸ್ಕಿಗೆ ಕಾಪಿ ಆಗುವ ಹಾಗೆ ಮಾಡಿ. ವಿಡಾಸ್‌ನಲ್ಲಿ ಫೈಲ್‌ಗಳು ವಿಂಡೋಸ್ ಫೋಲ್ಡರಿನಲ್ಲೇ ಇರುತ್ತವೆ, ವರ್ಚುವಲ್ ಡಿಸ್ಕಿನ ಒಳಗೆ ಮುಚ್ಚಿಹೋಗಿರುವುದಿಲ್ಲ, ಹಾಗಾಗಿ ಇದು ಸುಲಭ. ವಾರಕ್ಕೊಮ್ಮೆ ಸಿಎಸ್‌ವಿ (ಸಾದಾ ಪಠ್ಯದ ಕೋಷ್ಟಕ) ಮಾಡಿ ಇಟ್ಟರೆ ಇನ್ನೂ ಒಳ್ಳೆಯದು. ಪೈಥಾನ್‌ನಲ್ಲಿ ಅದನ್ನು ಮಾಡುವ ಸ್ಕ್ರಿಪ್ಟ್ ನಾನು ಬರೆದುಕೊಡುತ್ತೇನೆ, ಮೆಸೇಜ್ ಮಾಡಿ.

ಅಡಿಕೆಮಂಡಿ_ಸಾಗರ

ಕುಮಾರಣ್ಣ ಮೆಸೇಜ್ ಮಾಡಿದ್ದೇನೆ. ಸ್ಲ್ಯಾಶ್ ಬಿ ಉಪಾಯ ಕೆಲಸ ಮಾಡಿತು! ಪಟ್ಟಿ ಹಳೇ ಥರವೇ ಇಕ್ಕಟ್ಟಾಗಿ ಬಂತು, ಕಾರ್ಬನ್ ಪ್ರತಿಯೂ ಬಂತು. ಎರಡು ಕಂಪ್ಯೂಟರ್ ಪರೀಕ್ಷೆಯಲ್ಲಿ ಗಲ್ಲಾದಲ್ಲಿ ಕಾಯಿರಿ ಎಂದು ಸರಿಯಾಗಿ ಬರುತ್ತಿದೆ. ಪ್ರೋಗ್ರಾಂ ಬರೆದವರು ಶಿವಮೊಗ್ಗದಲ್ಲಿದ್ದಾರಂತೆ, ನಂಬರ್ ಸಿಕ್ಕಿದೆ, ಸೋರ್ಸ್ ಇರುವ ಫ್ಲಾಪಿ ಮನೆಯಲ್ಲಿ ಹುಡುಕುತ್ತೇನೆ ಎಂದಿದ್ದಾರೆ. ಫ್ಲಾಪಿ ಓದುವುದು ಹೇಗೆ?

ಪ್ರಿಂಟರ್_ಪುರಾಣ

ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿ, 1.44 ಎಂಬಿಯದು ಓದುತ್ತದೆ. ದೊಡ್ಡ 5.25 ಇಂಚಿನದಾದರೆ ಅದಕ್ಕಾಗುವುದಿಲ್ಲ, ಹಳೇ ಡ್ರೈವ್ ಹುಡುಕಿ ಅದನ್ನು ಯುಎಸ್‌ಬಿಗೆ ಸೇರಿಸುವ ಗ್ರೀಸ್‌ವೀಝಲ್ ಬೋರ್ಡ್ ಜೋಡಿಸಬೇಕು. ಓದುವ ಮೊದಲು ಶಟರ್ ಸರಿಸಿ ನೋಡಿ. ನಮ್ಮ ಮಲೆನಾಡಿನ ಗಾಳಿಗೆ ಬೂಷ್ಟು ಹಿಡಿದಿರುತ್ತದೆ. ಹಾಗಿದ್ದರೆ ಡ್ರೈವಿಗೆ ಹಾಕಲೇಬೇಡಿ, ಡಿಸ್ಕಿನ ಜೊತೆ ಡ್ರೈವಿನ ಹೆಡ್ಡೂ ಹೋಗುತ್ತದೆ. ಫೋಟೊ ಹಾಕಿ, ಹೇಗೆ ಒರೆಸುವುದು ಅಂತ ಹೇಳುತ್ತೇನೆ.